ಬೆನ್ನ ಹಿಂದಿನ ಬಸ್ಸು

ಡಿಪೋದಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಾದ ಡ್ರೈವರುಗಳೂ ಹಾಗೇ ಕರೆಯುತ್ತಿದ್ದರು, ಮೇಲ್ವಿಚಾರಕನೂ ಹಾಗೇ ಕರೆಯುತ್ತಿದ್ದ. ಅಷ್ಟೇ ಏಕೆ, ಅದೇ ಡಿಪೋದ ಗ್ಯಾರೇಜಿನಲ್ಲಿ ಎಂಜಿನ್ನುಗಳ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುವ ಅವಳ ಗಂಡ ಕೂಡ ಮನೆಯಲ್ಲಿ ತಮಾಷೆಗೆ ಹಾಗೆ ಕರೆದು ಬೈಸಿಕೊಳ್ಳುತ್ತಿದ್ದ.

ಅವಳು ಡ್ರೈವರಾಗಿ ಸೇರಿದವಳಲ್ಲ, ಬಸ್ಸು ತೊಳೆಯಲು ಸೇರಿದವಳು. ಪೈಪು ಹಿಡಿದು ನೀರು ಹೊಡೆಯುವುದು, ಉದ್ದ ಹಿಡಿಯ ಬ್ರಷ್ಷಿನಿಂದ ಗಾಜು ಉಜ್ಜುವುದು, ಸೀಟಿನ ಸಂದಿಯಲ್ಲಿ ಮೆತ್ತಿಕೊಂಡ ಚೂಯಿಂಗ್ ಗಮ್ ಕೆರೆದು ತೆಗೆಯುವುದು ಅವಳ ಕೆಲಸ. ಬಸ್ಸನ್ನು ತೊಳೆಯುವ ಕಟ್ಟೆಗೆ ತಂದು ನಿಲ್ಲಿಸಲು ಯಾರಾದರೂ ಡ್ರೈವರನ್ನು ಕರೆಯಬೇಕಿತ್ತು. ಅವರೋ ಕ್ಯಾಂಟೀನಿನಲ್ಲಿ ಕೂತರೆ ಬೇರು ಬಿಟ್ಟವರ ಹಾಗೆ ಏಳುತ್ತಲೇ ಇರಲಿಲ್ಲ. ಒಂದು ದಿನ ಕಾದು ಕಾದು ಸಾಕಾಗಿ ಅವಳೇ ಹತ್ತಿ ಕೂತಳು. ಗಂಡ ಊಟ ಮಾಡುವಾಗ ಕ್ಲಚ್ಚು, ಗೇರು, ಬ್ರೇಕು ಅಂತ ಕೊರೆದದ್ದನ್ನೆಲ್ಲ ನೆನಪು ಮಾಡಿಕೊಂಡು ಬಸ್ಸನ್ನು ಮೆಲ್ಲಗೆ ತಂದು ಕಟ್ಟೆಯ ಮೇಲೆ ನಿಲ್ಲಿಸಿದಳು. ಯಾರೂ ನೋಡಲಿಲ್ಲ ಅಂದುಕೊಂಡಳು. ಆದರೆ ಮೇಲ್ವಿಚಾರಕ ಕಿಟಕಿಯಲ್ಲಿ ನಿಂತಿದ್ದ. ಒಳಗೆ ಕರೆಸಿ, ಮುಖ ಗಂಟಿಕ್ಕಿ ಕೇಳಿದ:

"ಇದು ಯಾವಾಗಿಂದ ನಡೀತಿದೆ?"

"ಇವತ್ತೇ ಮೊದಲು ಸಾರ್."

"ಸುಳ್ಳು ಹೇಳ್ಬೇಡಿ. ಮೊದಲ ಸಲ ಯಾರೂ ಅಷ್ಟು ನೇರಕ್ಕೆ ನಿಲ್ಲಿಸಲ್ಲ."

ಬೈಗುಳಕ್ಕೆ ಕಾದಿದ್ದವಳನ್ನು ಅವನು ತರಬೇತಿಗೆ ಕಳಿಸಿದ. ಹಾಗೆ ಅವಳು ಡ್ರೈವರಾದಳು. "ನಾನು ರಿಪೇರಿ ಮಾಡಿದ್ದನ್ನ ನೀನು ಕೆಡಿಸು, ನೀನು ಕೆಡಿಸಿದ್ದನ್ನ ನಾನು ರಿಪೇರಿ ಮಾಡ್ತೀನಿ, ಇಬ್ಬರ ಕೆಲಸಾನೂ ಭದ್ರ," ಎಂದು ಗಂಡ ನಕ್ಕ. ಮುಂದೆ ದೊಡ್ಡ ಗಾಜು, ಕೈಯಲ್ಲಿ ಮೊರದಗಲದ ಸ್ಟಿಯರಿಂಗು, ಕಾಲ ಕೆಳಗೆ ಗುಡುಗುವ ನೆಲ. ಇಷ್ಟು ದೊಡ್ಡ ವಸ್ತು ತನ್ನ ಮಾತು ಕೇಳುತ್ತದಲ್ಲ ಎಂಬ ಬೆರಗು ಅವಳಿಗೆ ಎಷ್ಟು ವರ್ಷವಾದರೂ ಹೋಗಲಿಲ್ಲ.

ಅವಳು ಮರೆಯಲಾಗದ ಘಟನೆ ನಡೆದದ್ದು ಕಾಲೇಜು, ಆಫೀಸು ಎಲ್ಲ ಬಿಡುವ ಸಂಜೆಯ ಹೊತ್ತಿನಲ್ಲಿ. ಮಾರ್ಕೆಟ್ಟಿನ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಜನ ಹತ್ತುತ್ತಿದ್ದರು. ಹೆಗಲಿಗೆ ಚೀಲ ಹಾಕಿದ, ನೀಲಿ ಜಾಕೆಟ್ಟಿನ ಒಬ್ಬ ಹುಡುಗ ಮೆಟ್ಟಿಲ ಮೇಲೆ ಕಾಲಿಟ್ಟ. ಅವನ ಹಿಂದೆಯೇ ಇನ್ನೊಬ್ಬ ಹುಡುಗ ಬಂದು ಅವನಿಗೆ ಅಂಟಿಕೊಂಡ ಹಾಗೆ ನಿಂತ, ಮೊದಲಿನವನು ತಿರುಗಿ ನೋಡಿದ ಮರುಗಳಿಗೆಯಲ್ಲಿ ಜನರ ನಡುವೆ ನುಗ್ಗಿ ಓಡಿಹೋದ. ಪಾಸಿನ ಕಾರ್ಡು ತೋರಿಸಲು ಕೈ ಎತ್ತಿದ್ದ ನೀಲಿ ಜಾಕೆಟ್ಟಿನವನು ಅವಳನ್ನೇ ನೋಡುತ್ತ, ಏನೋ ಕೇಳುವವನಂತೆ ಬಾಯಿ ತೆರೆದು, ಅವಳ ಸೀಟಿನ ಪಕ್ಕದ ಕಂಬಿ ಹಿಡಿದು ಕುಸಿದ. ಕಂಬಿಯ ಮೇಲೆ ಅವನ ಅಂಗೈಯ ಗುರುತು ಕೆಂಪಗೆ ಉಳಿಯಿತು.

ಅವಳು ಯೋಚನೆ ಮಾಡಲಿಲ್ಲ. ಬಾಗಿಲು ಮುಚ್ಚುವ ಗುಂಡಿ ಒತ್ತಿದಳು. ದೊಡ್ಡಾಸ್ಪತ್ರೆ ಅವಳ ದಾರಿಯಲ್ಲಿರಲಿಲ್ಲ, ಸೇತುವೆಯ ಆಚೆಗಿತ್ತು. ಅಲ್ಲೇ ಬಸ್ಸು ತಿರುಗಿಸಿದಳು.

ಆಮೇಲೆ ಅವಳು ಕಂಡದ್ದು ರಸ್ತೆಯೊಂದನ್ನೇ. ಒಳಗಿನ ಕನ್ನಡಿಯ ಕಡೆ ಕಣ್ಣು ಹಾಯಿಸಿದರೆ ಕೈ ನಡುಗುತ್ತದೆ, ಕೈ ನಡುಗಿದರೆ ಎಲ್ಲ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಆದರೆ ಕಿವಿ ಮುಚ್ಚಿಕೊಳ್ಳಲಾಗುವುದಿಲ್ಲವಲ್ಲ. ಬೆನ್ನ ಹಿಂದೆ ಗದ್ದಲವೋ ಗದ್ದಲ. ಒಬ್ಬ ಗಂಡಸು ಗಂಟಲು ಹರಿಯುವ ಹಾಗೆ "ನಿಲ್ಸಿ, ನಿಲ್ಸಿ" ಎಂದು ಕೂಗಿದ. ಯಾರೋ ಬಸ್ಸಿನ ತಗಡನ್ನು ದಬದಬ ಬಡಿಯತೊಡಗಿದರು. ಒಬ್ಬರಿಗೆ ಇನ್ನೊಬ್ಬರು ಸೇರಿ ಇಡೀ ಬಸ್ಸೇ ಡೋಲಾಯಿತು. ಇಳಿಸು ಎಂದು ಗಲಾಟೆ ಮಾಡ್ತಿದಾರೆ ಅಂದುಕೊಂಡಳು. ಹಲ್ಲು ಕಚ್ಚಿ ಇನ್ನಷ್ಟು ಜೋರಾಗಿ ಓಡಿಸಿದಳು.

ಆಸ್ಪತ್ರೆಯ ಬಾಗಿಲಲ್ಲಿ ಬಸ್ಸು ನಿಂತಾಗ ಬಿಳಿ ಬಟ್ಟೆಯವರು ಓಡಿಬಂದರು. ಅವಳಿಗೆ ಸ್ಟಿಯರಿಂಗಿನಿಂದ ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ. ಹೇಗೋ ಬಿಡಿಸಿಕೊಂಡು ತಿರುಗಿ ನೋಡುವ ಹೊತ್ತಿಗೆ ಬಸ್ಸು ಖಾಲಿ. ನೆಲದ ಮೇಲೆ ಒಂದು ಚಪ್ಪಲಿ, ತುಳಿದು ಹೋದ ಒಂದು ಪುಸ್ತಕ, ಮಿಕ್ಕದ್ದು ಹೇಳಬಾರದ್ದು. ಅವಳು ಬಸ್ಸನ್ನು ಡಿಪೋಗೆ ತಂದು, ತೊಳೆಯುವವರನ್ನು ದೂರ ಕಳಿಸಿ, ತಾನೇ ಪೈಪು ಹಿಡಿದು ತೊಳೆದಳು. ಗಂಡ ಬಂದು ಇನ್ನೊಂದು ಬ್ರಷ್ಷು ತೆಗೆದುಕೊಂಡ.

ಹುಡುಗ ಉಳಿದುಕೊಂಡ ಎಂದು ಆಮೇಲೆ ತಿಳಿಯಿತು. ಇಲಾಖೆಯಿಂದ ಅವಳಿಗೆ ಎರಡು ಕಾಗದ ಬಂದವು: ನಿಗದಿಯ ದಾರಿ ಬಿಟ್ಟದ್ದೇಕೆ ಎಂದು ಕಾರಣ ಕೇಳಿ ಒಂದು, ಸಮಯಪ್ರಜ್ಞೆಯನ್ನು ಮೆಚ್ಚಿ ಒಂದು. ಎರಡರ ಕೆಳಗೂ ಒಬ್ಬನೇ ಅಧಿಕಾರಿಯ ಸಹಿ. "ಪಾಪ, ಅವನಿಗೂ ಮನಸ್ಸು ಗಟ್ಟಿಯಿಲ್ಲ," ಎಂದ ಗಂಡ.

ಅವಳು ನಕ್ಕಳು, ಆದರೆ ಆ ಸಂಜೆ ಅವಳಿಂದ ಏನನ್ನೋ ಕಿತ್ತುಕೊಂಡು ಹೋಗಿತ್ತು. ಕೂಗು, ಬಡಿತ, ಇವೆರಡೂ ಕಿವಿಯಲ್ಲೇ ಕೂತುಬಿಟ್ಟವು. ಎಳೆಯ ಪ್ರಾಣವೊಂದು ಕಾಲ ಬಳಿ ಬಿದ್ದು ಒದ್ದಾಡುತ್ತಿದ್ದರೂ ಜನಕ್ಕೆ ಮನೆ ಸೇರುವ ಅವಸರ, ಇಷ್ಟೇ ಮನುಷ್ಯರು ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡಳು. ಚಾಕು ಹಾಕಿದವನ ಮೇಲೆ ಬಂದ ಸಿಟ್ಟಿಗಿಂತ ಬಸ್ಸಿನೊಳಗಿದ್ದವರ ಮೇಲಿನ ಸಿಟ್ಟೇ ಅವಳಲ್ಲಿ ಹೆಚ್ಚು ಕಾಲ ಉರಿಯಿತು. ಗಂಡನಿಗೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಡಿಪೋದ ಕ್ಯಾಂಟೀನಿಗೆ ಮೂವರು ಬಂದರು. ಮುಂದೆ ಬಂದವಳು ಕತ್ತರಿಸಿದ ಕೂದಲಿನ, ನೇರ ನೋಟದ ಹುಡುಗಿ. ಅವಳ ಹಿಂದೆ ದಪ್ಪ ಕನ್ನಡಕದ ಒಬ್ಬ ಹುಡುಗ, ಅವನ ಪಕ್ಕದಲ್ಲಿ ತನಗಿಂತ ಉದ್ದದ ಕೋಲನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದ ಕುಳ್ಳಗಿನ ಒಬ್ಬಳು.

"ನಾನು ಆ ಹುಡುಗನ ಅಕ್ಕ," ಎಂದಳು ಮೊದಲನೆಯವಳು. "ನಿಮ್ಮ ಬಸ್ಸಲ್ಲಿ ಬಿದ್ದಿದ್ನಲ್ಲ, ಅವನ ಅಕ್ಕ. ನಾವು ಕಾಲೇಜಲ್ಲಿ ಸಿನಿಮಾ ಕಲೀತಿದೀವಿ. ಅವತ್ತಿನ ಬಗ್ಗೆ ಒಂದು ಚಿಕ್ಕ ಚಿತ್ರ ಮಾಡ್ತಿದೀವಿ."

ದೊಡ್ಡಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಚಾಕು, ರಕ್ತ ಎಲ್ಲ ತೋರಿಸ್ತೀರಾ?"

"ಇಲ್ಲ. ಅದನ್ನ ಎಲ್ಲರೂ ತೋರಿಸ್ತಾರೆ. ಆಮೇಲೆ ನಡೆದದ್ದನ್ನ ತೋರಿಸ್ತೀವಿ."

"ಆಮೇಲೆ ನಡೆದದ್ದು ಅಂದ್ರೆ ನಾನು ಬಸ್ಸು ಓಡಿಸಿದ್ದು. ಅದರಲ್ಲಿ ನೋಡೋದೇನಿದೆ?"

ಹುಡುಗಿ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಗೆಳೆಯರ ಕಡೆ ನೋಡಿದಳು. "ನಿಮಗೆ ಗೊತ್ತಿಲ್ವಾ, ನಿಮ್ಮ ಬೆನ್ನ ಹಿಂದೆ ಏನಾಯ್ತು ಅಂತ?"

"ಕಿವಿ ಇದೆಯಲ್ಲ ನಂಗೆ."

"ನೀವು ಬಂದು ನೋಡ್ಬೇಕು," ಎಂದಳು ಹುಡುಗಿ.

ಅವರಿಗೆ ಬೇಕಿದ್ದದ್ದು ಒಂದು ಬಸ್ಸು. ಡಿಪೋದ ಹಿಂಬದಿಯಲ್ಲಿ ಸೇವೆಯಿಂದ ತೆಗೆದ ಹಳೆಯ ಬಸ್ಸೊಂದು ಗಾಲಿಯಿಲ್ಲದೆ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅದನ್ನು ಭಾನುವಾರ ಕೊಡಲು ಮೇಲ್ವಿಚಾರಕ ಒಪ್ಪಿದ. ಓಡದ ಬಸ್ಸು ಓಡಿದಂತೆ ಕಾಣುವುದು ಹೇಗೆ ಎಂದು ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದಾಗ ದೊಡ್ಡಕ್ಕನ ಗಂಡ ಯಾರೂ ಕರೆಯದೆಯೇ ಮುಂದೆ ಬಂದ. ಒಂದು ಮೂಲೆಯ ದಿಮ್ಮಿ ತೆಗೆದು, ಹಳೆಯ ಸ್ಪ್ರಿಂಗು ಕೂರಿಸಿ, ಉದ್ದದ ಹಲಗೆಯೊಂದನ್ನು ಸನ್ನೆಕೋಲಿನಂತೆ ತೂರಿಸಿದ. ಗ್ಯಾರೇಜಿನ ಇಬ್ಬರು ಅದರ ತುದಿಯನ್ನು ಒತ್ತಿ ಬಿಟ್ಟರೆ ಬಸ್ಸು ಥೇಟ್ ಹಳ್ಳ ಬಿದ್ದ ರಸ್ತೆಯಲ್ಲಿ ಓಡಿದಂತೆ ಕುಲುಕುತ್ತಿತ್ತು. "ಇಷ್ಟು ವರ್ಷ ಕುಲುಕಾಟ ನಿಲ್ಲಿಸೋದೇ ನನ್ನ ಕೆಲಸ ಆಗಿತ್ತು," ಎಂದು ಅವನು ಕನ್ನಡಕದ ಹುಡುಗನಿಗೆ ಹೇಳಿದ. "ಈಗ ನೋಡು, ಕುಲುಕಿಸಿ ಹೊಗಳಿಸ್ಕೊಳ್ತಿದೀನಿ."

ದೊಡ್ಡಕ್ಕ ಆ ಭಾನುವಾರ ಬಂದದ್ದು ಅರೆಮನಸ್ಸಿನಿಂದ. ಡ್ರೈವರ್ ಸೀಟಿನಲ್ಲಿ ಕೂರಿಸುತ್ತಾರೆ ಎಂದುಕೊಂಡು ಸಮವಸ್ತ್ರ ಹಾಕಿಕೊಂಡೇ ಬಂದಿದ್ದಳು. ಆದರೆ ಆ ಸೀಟಿನಲ್ಲಿ ಆಗಲೇ ಕ್ಯಾಮೆರಾ ಕೂತಿತ್ತು, ಗಾಜಿಗೆ ಬೆನ್ನು ಹಾಕಿ ಒಳಗಡೆ ನೋಡುತ್ತಿತ್ತು.

"ನೀವು ಇವತ್ತು ಓಡಿಸೋದು ಬೇಡ," ಎಂದಳು ಹುಡುಗನ ಅಕ್ಕ. "ಕ್ಯಾಮೆರಾ ಪಕ್ಕ ನಿಂತ್ಕೊಂಡು ನೋಡಿ."

ಅಷ್ಟರಲ್ಲಿ ಒಬ್ಬೊಬ್ಬರೇ ಬಸ್ಸು ಹತ್ತತೊಡಗಿದರು. ನಟರಿರಬೇಕು ಎಂದು ದೊಡ್ಡಕ್ಕ ಸರಿದು ದಾರಿ ಬಿಟ್ಟಳು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ಹೆಂಗಸು, ಕಟ್ಟಡವೊಂದರ ಮುದಿ ವಾಚ್‌ಮನ್, ಟೈ ಕಟ್ಟಿದ ಆಫೀಸಿನ ಗಂಡಸು, ಇನ್ನೂ ಯಾರ್ಯಾರೋ. ಟೈಯವನು ಒಳಗೆ ಕಾಲಿಟ್ಟು, "ನಾನು ಈ ಕಂಬಿ ಹತ್ತಿರ ನಿಂತಿದ್ದೆ," ಎಂದ.

ಆ ದನಿ ದೊಡ್ಡಕ್ಕನಿಗೆ ಗೊತ್ತಿತ್ತು. ನಿಲ್ಸಿ, ನಿಲ್ಸಿ ಎಂದು ಕೂಗಿದ ಗಂಟಲು ಅದೇ. ಅವರು ಯಾರೂ ನಟರಲ್ಲ. ಅವತ್ತು ಬಸ್ಸಿನಲ್ಲಿದ್ದವರೇ.

"ಹೇಗೆ ಹುಡುಕಿದ್ರಿ ಇವರನ್ನೆಲ್ಲ?" ಎಂದು ಪಿಸುದನಿಯಲ್ಲಿ ಕುಳ್ಳಿಯನ್ನು ಕೇಳಿದಳು.

"ಆ ಹುಡುಗನ ಅಕ್ಕ ಇದಾಳಲ್ಲ, ಇವಳು ಮಾರ್ಕೆಟ್ ಸ್ಟಾಪಲ್ಲಿ ದಿನಾ ಸಂಜೆ ಬೋರ್ಡು ಹಿಡ್ಕೊಂಡು ನಿಲ್ತಿದ್ಲು. 'ಅವತ್ತು ಆ ಬಸ್ಸಲ್ಲಿದ್ದೋರು ಯಾರಾದ್ರೂ ಇದೀರಾ' ಅಂತ. ಮೊದಮೊದಲು ಜನ ಇವಳಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು. ಆಮೇಲೆ ಪಾರ್ಲರಿನ ಅಕ್ಕ ಬಂದು ಬೋರ್ಡಿನ ಮುಂದೆ ನಿಂತು ಅತ್ತುಬಿಟ್ಲು. ಅವಳಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು."

ಮೊದಲು ಬಾಗಿಲಿನ ದೃಶ್ಯ ತೆಗೆಯಬೇಕಿತ್ತು. ಗಾಯಗೊಂಡವನ ಪಾತ್ರಕ್ಕೆ ಕಾಲೇಜಿನ ಒಬ್ಬ ತೆಳ್ಳನೆಯ ಗೆಳೆಯ ಸಿದ್ಧನಾಗಿದ್ದ. ಚಾಕು ಹಾಕಿದವನ ಪಾತ್ರಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ಒಬ್ಬನಿಗೆ ಅಮ್ಮ ಬೈತಾಳೆ, ಇನ್ನೊಬ್ಬನಿಗೆ ಕೆಮ್ಮು, ಮತ್ತೊಬ್ಬ ಬರುತ್ತೇನೆಂದವನು ಫೋನೇ ಎತ್ತಲಿಲ್ಲ.

ಆಗ ಹಿಂದಿನ ಸೀಟಿನಿಂದ ಒಬ್ಬ ಹುಡುಗ ಎದ್ದು ಬಂದ. ನಡೆಯುವಾಗ ಒಂದು ಪಕ್ಕಕ್ಕೆ ಸ್ವಲ್ಪ ವಾಲುತ್ತಿದ್ದ. ದೊಡ್ಡಕ್ಕನಿಗೆ ಗುರುತು ಸಿಗಲು ಒಂದು ಗಳಿಗೆ ಹಿಡಿಯಿತು. ಕಂಬಿ ಹಿಡಿದು ಅವಳ ಕಣ್ಣೆದುರೇ ಕುಸಿದಿದ್ದ ಮುಖ ಅದು. ಈಗ ಮೀಸೆ ಚಿಗುರಿತ್ತು.

"ನಾನೇ ಮಾಡ್ತೀನಿ," ಎಂದ.

ಅವನ ಅಕ್ಕ ಅಡ್ಡ ಬಂದಳು. "ಬೇಡ ಕಣೋ. ನಿನಗೇನು ಹುಚ್ಚಾ?"

"ನೀವ್ಯಾರೂ ಅವನ ಮುಖ ನೋಡಿಲ್ಲ. ನಾನು ಇಷ್ಟು ಹತ್ತಿರದಿಂದ ನೋಡಿದೀನಿ." ಅವನು ಅಂಗೈಯನ್ನು ಮೂಗಿನ ಹತ್ತಿರ ತಂದು ತೋರಿಸಿದ. "ಸೇತುವೆ ಆಚೆಯ ಹುಡುಗರು ಯಾರನ್ನೋ ಹೊಡೀಬೇಕು ಅಂತ ಅವನನ್ನ ಕಳಿಸಿದ್ರು. ನೀಲಿ ಜಾಕೆಟ್ ನೋಡಿ ಅವರು ಹೇಳಿದೋನು ನಾನೇ ಅಂದ್ಕೊಂಡ. ನಾನು ತಿರುಗಿ ನೋಡಿದಾಗ ಅದು ನಾನಲ್ಲ ಅಂತ ಅವನಿಗೆ ಗೊತ್ತಾಯ್ತು. ಆಗಲೇ ಕೈ ಮುಂದೆ ಬಂದಿತ್ತು. ಅವನು ನನಗಿಂತ ಹೆದರಿದ್ದ ಅಕ್ಕಾ. ಬೇರೆ ಯಾರು ಮಾಡಿದ್ರೂ ಅವನನ್ನ ರಾಕ್ಷಸನ ಥರ ಮಾಡ್ತಾರೆ. ಅದು ಸುಳ್ಳಾಗುತ್ತೆ."

ಹಲಗೆ ಒತ್ತಲು ನಿಂತಿದ್ದ ಗ್ಯಾರೇಜಿನವರೂ ಕಿಟಕಿಯಲ್ಲಿ ಮುಖ ಇಟ್ಟು ನಿಂತುಬಿಟ್ಟರು. ಅಕ್ಕ ತಮ್ಮನನ್ನು ನೋಡಿ, ಕನ್ನಡಕದವನಿಗೆ ತಲೆಯಾಡಿಸಿದಳು.

ಅವನು ಕೆಳಗಿಳಿದು ಹೋಗಿ, ಮತ್ತೆ ಮೆಟ್ಟಿಲು ಹತ್ತಿ, ತನ್ನ ಜಾಗದಲ್ಲಿ ನಿಂತ ಗೆಳೆಯನ ಬೆನ್ನಿಗೆ ಅಂಟಿ ನಿಂತ. ಕೈಯಲ್ಲಿ ಏನೂ ಇರಲಿಲ್ಲ. ಗೆಳೆಯ ತಿರುಗಿದ. ಆಗ ಹುಡುಗನ ಮುಖದಲ್ಲಿ ಒಂದು ಭಯ ಮೂಡಿತು. ದಾರಿ ತಪ್ಪಿದ ಮಗುವಿನ ಮುಖದಲ್ಲಿ ಮೂಡುವಂಥ, ಅಮ್ಮ ಎಲ್ಲಿ ಎಂದು ಕೇಳುವಂಥ ಭಯ. ತನ್ನನ್ನು ಕೊಲ್ಲಲು ಬಂದವನ ಮುಖವನ್ನು ಇಷ್ಟು ದಿನ ಒಳಗೆ ಇಟ್ಟುಕೊಂಡು, ದ್ವೇಷದ ಒಂದು ಗೆರೆಯನ್ನೂ ಸೇರಿಸದೆ, ಇದ್ದದ್ದು ಇದ್ದಂತೆಯೇ ಹೊರಗೆ ತಂದಿಟ್ಟಿದ್ದ. ಇಷ್ಟು ಚಿಕ್ಕ ವಯಸ್ಸಿಗೆ ಇಂಥ ದೊಡ್ಡ ಮನಸ್ಸನ್ನು ಎಲ್ಲಿಂದ ತಂದ ಇವನು ಎಂದು ದೊಡ್ಡಕ್ಕನಿಗೆ ತಿಳಿಯಲಿಲ್ಲ.

ಆಮೇಲೆ ಬಸ್ಸು ಓಡಿತು. ಎಂದರೆ, ಹೊರಗೆ ಹಲಗೆ ಒತ್ತಿದರು, ಬಸ್ಸು ಕುಲುಕಿತು.

"ಅವತ್ತು ಏನು ಮಾಡಿದ್ರೋ ಅದನ್ನೇ ಮಾಡಿ," ಎಂದಳು ಅಕ್ಕ. "ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಪಾರ್ಲರಿನ ಹೆಂಗಸು ಮಂಡಿಯೂರಿ ಕೂತು ತನ್ನ ದುಪಟ್ಟಾವನ್ನು ಮುದ್ದೆ ಮಾಡಿ ಗೆಳೆಯನ ಪಕ್ಕೆಗೆ ಒತ್ತಿಹಿಡಿದಳು. ವಾಚ್‌ಮನ್ ತಾತ ನೆಲದ ಮೇಲೆ ಕಾಲು ಚಾಚಿ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಇಟ್ಟುಕೊಂಡು, ಕಿವಿಯ ಹತ್ತಿರ ಬಾಗಿ, ಅವತ್ತು ಹೇಳಿದ್ದನ್ನೇ ಹೇಳತೊಡಗಿದ: "ಕಣ್ಣು ಮುಚ್ಬೇಡ ಮಗಾ. ನಿನ್ನ ಮನೆ ಯಾವ ಬಣ್ಣ ಹೇಳು. ಬಾಗಿಲು ಯಾವ ಬಣ್ಣ? ನಿಮ್ಮಮ್ಮ ನಿನ್ನನ್ನ ಏನಂತ ಕರೀತಾಳೆ?" ಬಸ್ಸು ಒಂದು ಕಡೆಗೆ ವಾಲಿತು. ಒತ್ತಿ ಹಿಡಿದಿದ್ದ ಹೆಂಗಸು ಮುಗ್ಗರಿಸಿದಳು, ಬಟ್ಟೆ ಜಾರಿತು. ಕೂಡಲೇ ಟೈಯವನು ಅಲ್ಲೇ ಮಂಡಿಯೂರಿ, ತನ್ನೆರಡು ಕೈಗಳನ್ನೂ ಅವಳ ಕೈಗಳ ಮೇಲಿಟ್ಟು ಒತ್ತಿ, ಕುತ್ತಿಗೆಯ ನರ ಉಬ್ಬಿಸಿ ಕೂಗಿದ:

"ನಿಲ್ಸಿ, ನಿಲ್ಸಿ. ಕೈ ಜಾರ್ತಿದೆ. ನಿಧಾನ, ತಾಯಿ."

ಕೊನೆಯ ಮಾತುಗಳನ್ನು ಅವತ್ತಿನ ಗದ್ದಲ ನುಂಗಿಹಾಕಿತ್ತು. ದೊಡ್ಡಕ್ಕನ ಕಿವಿಗೆ ಬಿದ್ದದ್ದು ಮೊದಲಿನದಷ್ಟೇ.

ಅಷ್ಟರಲ್ಲಿ ದಬದಬ ಶುರುವಾಯಿತು. ಎರಡೂ ಬದಿಯವರು ಕಿಟಕಿಯಿಂದ ಕೈ ಹೊರಗೆ ಚಾಚಿ, ಬಸ್ಸಿನ ಹೊರಮೈಯನ್ನು ಅಂಗೈಯಿಂದ ಬಡಿಯುತ್ತ, "ಜಾಗ ಬಿಡಿ, ದಾರಿ ಬಿಡಿ, ಆಸ್ಪತ್ರೆ" ಎಂದು ಇಲ್ಲದ ಕಾರುಗಳಿಗೆ, ಇಲ್ಲದ ಬೈಕುಗಳಿಗೆ ಕೂಗುತ್ತಿದ್ದರು. ಒಬ್ಬ ಮುದುಕಿ ಕೈ ಎಟುಕದೆ ತನ್ನ ಚಪ್ಪಲಿ ಕಳಚಿ ಅದರಿಂದಲೇ ಬಡಿಯುತ್ತಿದ್ದಳು.

ದೊಡ್ಡಕ್ಕ ಕ್ಯಾಮೆರಾದ ಪಕ್ಕದ ಕಂಬಿ ಹಿಡಿದುಕೊಂಡಳು. ಸೇತುವೆಯ ಮೇಲೆ ಅವತ್ತು ವಾಹನಗಳು ಬದಿಗೆ ಸರಿದು ದಾರಿ ಬಿಟ್ಟದ್ದು ಅವಳಿಗೆ ನೆನಪಿತ್ತು. ತನ್ನ ಹಾರ್ನಿಗೆ ಹೆದರಿ ಬಿಟ್ಟರು ಎಂದುಕೊಂಡಿದ್ದಳು. ತಾನೊಬ್ಬಳೇ ಒಯ್ದೆ ಎಂದುಕೊಂಡಿದ್ದ ಬಸ್ಸನ್ನು ಇಷ್ಟು ಕೈಗಳು ಸೇರಿ ಮುಂದಕ್ಕೆ ನೂಕಿದ್ದವು. ಹೆಸರು ಗೊತ್ತಿಲ್ಲದವರು, ಸಂತೆಯಲ್ಲಿ ಎದುರಾದರೆ ಮುಖ ಹೊರಳಿಸಿ ಹೋಗುವವರು, ಒಂದು ಸೇತುವೆ ದಾಟುವಷ್ಟು ಹೊತ್ತು ಒಂದೇ ಮೈಯಾಗಿದ್ದರು. ಅದು ಅವಳ ಬೆನ್ನಿಗೆ ಆನಿಕೊಂಡೇ ಇತ್ತು, ಅವಳಿಗೆ ಗೊತ್ತಾಗಿರಲಿಲ್ಲ.

ಹೊರಗೆ ಹಲಗೆ ನಿಂತಿತು. ಒಳಗೆ ಮಾತ್ರ ಯಾರೂ ನಿಲ್ಲಿಸಲಿಲ್ಲ. ತಾತ ಇನ್ನೂ ಬಾಗಿಲ ಬಣ್ಣ ಕೇಳುತ್ತಲೇ ಇದ್ದ. ಆಗ ಹಿಂದಿನಿಂದ, ಅವತ್ತು ನಿಜವಾಗಿ ಗಾಯಗೊಂಡಿದ್ದ ಹುಡುಗ, ಯಾರೂ ಹೇಳಿಕೊಡದೆ, ಉತ್ತರ ಕೊಟ್ಟ: "ಹಸಿರು, ತಾತ."

ತಾತ ತಲೆಯೆತ್ತಿ ನೋಡಿದ. "ಅವತ್ತು ಹೇಳಲೇ ಇಲ್ವಲ್ಲೋ ನೀನು," ಎಂದು ಗದರಿದ.

ಕನ್ನಡಕದವನು ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದ. ಕುಳ್ಳಿಯ ಕೈಯ ಕೋಲು ಕೆಳಗಿಳಿದು ಅದರ ತುದಿಯ ಮೈಕು ಚೌಕಟ್ಟಿನ ನಡುವೆ ನೇತಾಡುತ್ತಿತ್ತು. ಆ ಭಾಗವನ್ನು ಅವರು ಚಿತ್ರದಲ್ಲಿ ಹಾಗೇ ಉಳಿಸಿಕೊಂಡರು.

ಎಲ್ಲ ಮುಗಿದ ಮೇಲೆ ಟೈಯವನು ದೊಡ್ಡಕ್ಕನ ಹತ್ತಿರ ಬಂದು ಹಿಂಜರಿಯುತ್ತ ನಿಂತ. "ಅವತ್ತು ನಿಮ್ಮ ಮೇಲೆ ಕೂಗಾಡಿದೆ. ತಪ್ಪು ತಿಳ್ಕೋಬೇಡಿ."

"ನೀವು ಕೂಗಿದ್ದು ಪೂರ್ತಿ ಕೇಳಿಸಿದ್ರೆ ನಿಧಾನ ಮಾಡ್ತಿದ್ದೆ," ಎಂದಳು. ಆಮೇಲೆ, "ಕೇಳಿಸದೆ ಇದ್ದದ್ದೇ ಒಳ್ಳೇದಾಯ್ತೇನೋ," ಎಂದು ಸೇರಿಸಿದಳು. ಇಬ್ಬರೂ ನಕ್ಕರು. ಅವತ್ತು ಮನೆಗೆ ಹೋಗಿ ಗಂಡನಿಗೆ, ವರ್ಷವಿಡೀ ಯಾರ್ಯಾರ ಮೇಲೆ ಸಿಟ್ಟು ಹೊತ್ತು ತಿರುಗಿದೆ ಎಂಬುದನ್ನೆಲ್ಲ ಹೇಳಿದಳು. ಅವನು ಕೇಳಿ, "ನನ್ನ ಮೇಲೂ ಇತ್ತಾ?" ಎಂದ. "ನಿನ್ನ ಮೇಲಿರೋದು ಬೇರೆ ಸಿಟ್ಟು, ಅದು ಇನ್ನೂ ಇದೆ," ಎಂದಳು.

ಚಿತ್ರವನ್ನು ಕಾಲೇಜಿನಲ್ಲಿ ತೋರಿಸಿದರು, ಡಿಪೋದ ಕ್ಯಾಂಟೀನಿನಲ್ಲೂ. ಅದೆಲ್ಲ ಆದಮೇಲೆ ಗಾಯಗೊಂಡಿದ್ದ ಹುಡುಗ ಇನ್ನೊಂದು ಕಡೆ ತೋರಿಸಬೇಕೆಂದು ಹಟ ಹಿಡಿದ. ಚಾಕು ಹಾಕಿದವನು ಊರಾಚೆಯ ಬಾಲಕರ ಸುಧಾರಣಾ ಗೃಹದಲ್ಲಿದ್ದ. ಅಲ್ಲಿನ ಮೇಷ್ಟ್ರು ಒಪ್ಪಿಗೆ ಕೊಟ್ಟರು. ದೊಡ್ಡಕ್ಕ ತನ್ನ ರಜೆಯ ದಿನ ಬಾಡಿಗೆ ವ್ಯಾನೊಂದರಲ್ಲಿ ಅವರನ್ನೆಲ್ಲ ಕರೆದುಕೊಂಡು ಹೋದಳು.

ಪಾಠದ ಕೋಣೆಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ, ಬಿಳಿ ಗೋಡೆಯ ಮೇಲೆ ಚಿತ್ರ ಬಿಟ್ಟರು. ಚಾಕು ಹಾಕಿದ್ದ ಹುಡುಗ ಬೆಂಚಿನ ತುದಿಯಲ್ಲಿ ಕೂತಿದ್ದ, ಮೊಣಕೈ ಬೆಂಚಿಗೆ ಒತ್ತಿಕೊಂಡು. ಇನ್ನೂ ಹಾಲುಗಲ್ಲದ ಮುಖ. ಗೋಡೆಯ ಮೇಲೆ ತನ್ನನ್ನು ಯಾರು ಆಡುತ್ತಿದ್ದಾನೆಂದು ಗೊತ್ತಾದಾಗ ಅವನು ಎದ್ದು ಬಾಗಿಲ ಕಡೆ ಹೊರಟ. ಬಾಗಿಲ ಹತ್ತಿರ ದೊಡ್ಡಕ್ಕ ನಿಂತಿದ್ದಳು. ಅವಳು ತಡೆಯಲಿಲ್ಲ, ಪಕ್ಕಕ್ಕೆ ಸರಿದಳು. ಅವನು ಹೊರಗೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತು ಕೊನೆಯವರೆಗೂ ನೋಡಿದ.

ಕಂಬಳಿ ಬಿಚ್ಚಿ ಬೆಳಕು ಬಂದಾಗ ಇಬ್ಬರು ಹುಡುಗರೂ ಎದುರುಬದುರಾದರು. ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತರು.

"ನನ್ನ ಮುಖ ಹಾಗಿತ್ತಾ?" ಎಂದು ಕೇಳಿದ ಗೃಹದ ಒಳಗಿನ ಹುಡುಗ.

"ಹಾಗೇ ಇತ್ತು."

"ನೀನು ಪೊಲೀಸರಿಗೆ ಅದನ್ನ ಹೇಳಿದ್ಯಾ?"

"ಹೇಳಿದ್ದೆ. ಅವರು ಬರ್ಕೊಳ್ಳಲಿಲ್ಲ. ಅದಕ್ಕೇ ಇದನ್ನ ಮಾಡಿದ್ದು."

ಒಳಗಿನವನು ತನ್ನ ಕೈಗಳನ್ನು ನೋಡಿಕೊಂಡ. "ಈಗಲೂ ನೋಯುತ್ತಾ?" ಎಂದು ಕೇಳಿದ.

"ಮೋಡ ಆದಾಗ."

ಕ್ಷಮೆ ಕೇಳಿದ್ದಾಗಲಿ, ತಬ್ಬಿಕೊಂಡದ್ದಾಗಲಿ ಇಲ್ಲ. ಬೆಂಚುಗಳನ್ನು ಜಾಗಕ್ಕೆ ಸೇರಿಸುವಾಗ ಒಂದು ಬೆಂಚಿನ ಎರಡು ತುದಿಗಳನ್ನು ಅವರಿಬ್ಬರೇ ಹಿಡಿದರು. ಇನ್ನೊಬ್ಬನ ಗಾಯದ ಪಕ್ಕೆಗೆ ಭಾರ ಬೀಳದಿರಲೆಂದು ಒಳಗಿನವನು ತನ್ನ ಕಡೆಗೆ ಹೆಚ್ಚು ಎಳೆದುಕೊಳ್ಳುತ್ತಿದ್ದುದನ್ನು ದೊಡ್ಡಕ್ಕ ನೋಡಿದಳು. ಮನುಷ್ಯರ ಬಗ್ಗೆ ತನಗೆ ತಿಳಿದದ್ದು ಎಷ್ಟು ಕಡಿಮೆ ಎಂದುಕೊಳ್ಳುತ್ತ ಅವಳು ಬಾಗಿಲಿಗೆ ಆನಿಕೊಂಡೇ ನಿಂತುಬಿಟ್ಟಳು.

ವಾಪಸು ಬರುವಾಗ ವ್ಯಾನಿನಲ್ಲಿ ಹುಡುಗರು ಮುಂದಿನ ಚಿತ್ರ ಯಾವುದೆಂದು ಜಗಳ ಆಡತೊಡಗಿದರು. ಕುಳ್ಳಿಗೆ ಮದುವೆಯ ಚಿತ್ರ ಬೇಕು, ಅಕ್ಕನಿಗೆ ಬೇಡವೇ ಬೇಡ, ತಮ್ಮ ಕಿಟಕಿಗೆ ತಲೆ ಒರಗಿಸಿ ಗಾಢ ನಿದ್ದೆಯಲ್ಲಿದ್ದ. ಕನ್ನಡಕದವನು ಮುಂದೆ ಬಂದು, ನೀವು ಓಡಿಸೋದನ್ನ ಸ್ವಲ್ಪ ತೆಗೀಲಾ ಎಂದು ಕೇಳಿದ.

"ತೆಗ್ಕೋ," ಎಂದಳು ದೊಡ್ಡಕ್ಕ. "ಆದ್ರೆ ಮಾತಾಡಿಸ್ಬೇಡ, ಮುಂದೆ ಲಾರಿ ಇದೆ."